ಮನಸ್ಸಿನ ಆರೋಗ್ಯ ಮಾಲಿಕೆ: ‘ನನ್ನಿಂದ ಆಗಲ್ಲ’ ಅಂತ ನಮಗೆ ಕಲಿಸಿದ್ದು ಯಾರು?



ಸಕ್ಕರೆ ಕಾಯಿಲೆ, ಬಿ.ಪಿ., ಮೊಣಕಾಲು ನೋವು, ಇವುಗಳ ಬಗ್ಗೆ ನಾವು ದಿನಾ ಓದುತ್ತೇವೆ, ಓದಿದ್ದನ್ನು ಇನ್ನೊಬ್ಬರಿಗೆ ಕಳಿಸುತ್ತೇವೆ. ಇಂದಿನ ವಿಷಯ ರಕ್ತ ಪರೀಕ್ಷೆಯಲ್ಲಿ ಸಿಗುವುದಿಲ್ಲ, ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಆದರೂ ಅದು ನಮ್ಮ ಸಂಬಳ, ನಿದ್ದೆ, ಊಟ, ಮಕ್ಕಳ ಓದು ಎಲ್ಲವನ್ನೂ ಒಳಗಿನಿಂದ ಹಿಡಿದಿಟ್ಟಿರುತ್ತದೆ. ಸಾವಕಾಶವಾಗಿ ಓದಿ. ಬಾಂದ್ರಾದಿಂದ ಚರ್ಚ್‌ಗೇಟ್‌ವರೆಗೆ ಲೋಕಲ್‌ನಲ್ಲಿ ಸೀಟು ಸಿಕ್ಕರೆ ಓದಿ ಮುಗಿಸಬಹುದು.

*ಕೇಳಿದ ಮಾತುಗಳೇ*

ಚಿಕ್ಕಂದಿನಲ್ಲಿ ಈ ಮಾತುಗಳಲ್ಲಿ ಒಂದನ್ನಾದರೂ ಕೇಳದವರು ನಮ್ಮಲ್ಲಿ ಕಡಿಮೆ:

• ‘ನೀನು ದನ ಕಾಯೋಕೇ ಲಾಯಕ್ಕು.’
• ‘ನಿನ್ನ ತಲೆಗೆ ಲೆಕ್ಕ ಹತ್ತಲ್ಲ ಬಿಡು.’
• ‘ಹೆಣ್ಣು ಹುಡುಗಿಗೆ ಇಷ್ಟು ಬಾಯಿ ಇರಬಾರದು.’
• ‘ಗಂಡು ಹುಡುಗ ಅಳ್ತಾನಾ?’
• ‘ಅಣ್ಣನ್ನ ನೋಡಿ ಕಲಿ.’
• ‘ಅದೆಲ್ಲ ದೊಡ್ಡವರಿಗೆ, ನಮ್ಮಂಥವರಿಗಲ್ಲ.’
• ‘ನೋಡಿದವರು ಏನಂತಾರೆ?’

ಹೇಳಿದವರು ಅಪ್ಪ, ಅಮ್ಮ, ಅಜ್ಜಿ, ಮೇಷ್ಟ್ರು. ಬಹಳಷ್ಟು ಸಲ ಸಿಟ್ಟಿನಲ್ಲಿ, ಸುಸ್ತಿನಲ್ಲಿ, ಕೆಲವು ಸಲ ನಿಜವಾದ ಪ್ರೀತಿಯಿಂದಲೇ ಹೇಳಿದ್ದು. ಹೇಳಿದವರು ಮರುದಿನವೇ ಮರೆತಿರುತ್ತಾರೆ. ಕೇಳಿದ ಮಗು ಮಾತ್ರ ನಲವತ್ತು ವರ್ಷ ಅದನ್ನು ಹೊತ್ತುಕೊಂಡು ತಿರುಗುತ್ತದೆ. ಆಮೇಲೆ ಆ ಮಾತು ಹೇಳಲು ಹೊರಗಿನವರು ಬೇಕಾಗುವುದಿಲ್ಲ. ನಮಗೆ ನಾವೇ ಹೇಳಿಕೊಳ್ಳುತ್ತೇವೆ.

*ಮಗು ಯಾಕೆ ನಂಬುತ್ತದೆ?*

ಐದಾರು ವರ್ಷದ ಮಗುವಿಗೆ ದೊಡ್ಡವರ ಕಷ್ಟ ತಿಳಿಯುವುದಿಲ್ಲ. ಅಪ್ಪನಿಗೆ ಇಂದು ಹೋಟೆಲಿನಲ್ಲಿ ಡಬಲ್ ಡ್ಯೂಟಿ ಇತ್ತು, ಅದಕ್ಕೆ ರೇಗಿದರು ಎಂದು ಅದು ಯೋಚಿಸಲಾರದು. ‘ಅಪ್ಪ ರೇಗಿದರು, ಅಂದರೆ ನಾನು ಸರಿ ಇಲ್ಲ’ ಎಂದು ಮಾತ್ರ ಯೋಚಿಸುತ್ತದೆ. ಅನ್ನ, ಆಸರೆ, ಪ್ರೀತಿ ಎಲ್ಲ ಬರುವುದು ಆ ದೊಡ್ಡವರಿಂದಲೇ. ಅವರನ್ನು ತಪ್ಪೆಂದು ಎಣಿಸುವುದಕ್ಕಿಂತ ತನ್ನನ್ನೇ ತಪ್ಪೆಂದು ಎಣಿಸುವುದು ಮಗುವಿಗೆ ಸುಲಭ.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಯ ರೋಗಿಗಳ ಮಾತನ್ನು ಗಮನವಿಟ್ಟು ಕೇಳುತ್ತ ಒಂದು ವಿಷಯ ಕಂಡುಕೊಂಡರು. ಅವರ ಮನಸ್ಸಿನಲ್ಲಿ ತಾನಾಗಿ ಹಾದುಹೋಗುವ ಯೋಚನೆಗಳ ಕೆಳಗೆ ಬೇರಿನಂಥ ಕೆಲವು ನಂಬಿಕೆಗಳಿದ್ದವು: ‘ನಾನು ಕೈಲಾಗದವನು’, ‘ನನ್ನನ್ನು ಯಾರೂ ಇಷ್ಟಪಡುವುದಿಲ್ಲ’, ‘ನಾನು ಬೆಲೆಯಿಲ್ಲದವಳು’. ಇವುಗಳಲ್ಲಿ ಹೆಚ್ಚಿನವು ಬಾಲ್ಯದಲ್ಲೇ ಊರಿದವು. ಈ ತಿಳುವಳಿಕೆಯ ಮೇಲೆ ಬೆಳೆದ ಚಿಕಿತ್ಸಾ ವಿಧಾನ ಇಂದು ನಮ್ಮ ದೇಶದ ಆಸ್ಪತ್ರೆಗಳಲ್ಲೂ ಬಳಕೆಯಲ್ಲಿದೆ.

ಈ ನಂಬಿಕೆ ಮೂರು ಪದರದಲ್ಲಿ ಕೆಲಸ ಮಾಡುತ್ತದೆ:

1. *ಬೇರು:* ‘ನಾನು ದಡ್ಡ.’
2. *ನಿಯಮ:* ‘ಬಾಯಿ ತೆರೆದರೆ ದಡ್ಡತನ ಗೊತ್ತಾಗುತ್ತದೆ, ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತದೆ.’
3. *ನಡೆ:* ಮೀಟಿಂಗ್‌ನಲ್ಲಿ ಮಾತಾಡುವುದಿಲ್ಲ, ಅರ್ಜಿ ಹಾಕುವುದಿಲ್ಲ, ಡಾಕ್ಟರ ಹತ್ತಿರ ಪ್ರಶ್ನೆ ಕೇಳುವುದಿಲ್ಲ.

ಜನ ನೋಡುವುದು ಮೂರನೆಯದನ್ನು ಮಾತ್ರ. ‘ಪಾಪ, ಸಂಕೋಚದ ಸ್ವಭಾವ’ ಅನ್ನುತ್ತಾರೆ. ಅದು ಸ್ವಭಾವವಲ್ಲ, ಚಿಕ್ಕಂದಿನಲ್ಲಿ ಕಲಿತ ಪಾಠ.

*ಬಾಂದ್ರಾದಲ್ಲೇ ಇದ್ದ ಕನ್ನಡದ ದೊಡ್ಡ ಲೇಖಕ*

ಈ ವಿಷಯವನ್ನು ಕನ್ನಡದಲ್ಲಿ ಬಹಳ ಆಳವಾಗಿ ಬರೆದವರು ನಮ್ಮ ಬಾಂದ್ರಾದವರೇ ಎಂದು ಇಲ್ಲಿನ ನಮ್ಮ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಯಶವಂತ ಚಿತ್ತಾಲರು 1928ರಲ್ಲಿ ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿದವರು. ಮುಂಬಯಿಗೆ ಬಂದು ರಸಾಯನ ಉದ್ಯಮದಲ್ಲಿ ದೊಡ್ಡ ಹುದ್ದೆಗೇರಿದರು. ಬಹಳ ವರ್ಷ ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡ್‌ನಲ್ಲಿ, ಸಮುದ್ರದ ಎದುರಿನ ಮನೆಯಲ್ಲಿದ್ದು ಕತೆ, ಕಾದಂಬರಿ ಬರೆದರು. 2014ರಲ್ಲಿ ತೀರಿಕೊಂಡರು. ಅವರ ‘ಕತೆಯಾದಳು ಹುಡುಗಿ’ ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು.

1979ರಲ್ಲಿ ಬಂದ ಅವರ ‘ಶಿಕಾರಿ’ ಕಾದಂಬರಿಯ ನಾಗಪ್ಪ ನಮ್ಮಂತೆಯೇ ಊರು ಬಿಟ್ಟು ಬಂದವನು. ಮುಂಬಯಿಯ ಕಂಪನಿಯೊಂದರಲ್ಲಿ ಮೇಲಿನ ಅಧಿಕಾರಿ. ವಿದ್ಯೆ ಇದೆ, ಹುದ್ದೆ ಇದೆ, ಕೆಲಸದಲ್ಲಿ ಜಾಣ. ಒಂದು ದಿನ ಇದ್ದಕ್ಕಿದ್ದ ಹಾಗೆ ಅವನನ್ನು ಕೆಲಸದಿಂದ ದೂರ ಇಡುತ್ತಾರೆ. ಹೊರಗಿನ ಪಿತೂರಿ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ ಅವನನ್ನು ಬೆನ್ನಟ್ಟುವುದು ಒಳಗಿನ ಹಳೆಯ ಭಯ. ಎಷ್ಟು ಮೇಲೇರಿದರೂ ಆ ಭಯ ಹಿಂದೆ ಉಳಿದಿರುವುದಿಲ್ಲ.

ಓದದವರು ಒಮ್ಮೆ ಓದಿ. ಇಲ್ಲಿ ನಾವು ಗಮನಿಸಬೇಕಾದ್ದು ಇಷ್ಟು: ಡಿಗ್ರಿ, ಸಂಬಳ, ಸ್ವಂತ ಫ್ಲ್ಯಾಟ್, ಇವು ಬಾಲ್ಯದ ನಂಬಿಕೆಗೆ ತಾವಾಗಿ ಔಷಧಿ ಆಗುವುದಿಲ್ಲ. ನಂಬಿಕೆಯನ್ನು ನೇರವಾಗಿ ಎದುರು ಕೂರಿಸಿ ಮಾತಾಡಿಸದಿದ್ದರೆ ಅದು ಲಿಫ್ಟ್‌ನಲ್ಲಿ ನಮ್ಮ ಜೊತೆಯೇ ಮೇಲಿನ ಮಹಡಿಗೆ ಬರುತ್ತದೆ.

*ಒಂದು ಕಾಲದ ಕೊಡೆ*

ಇನ್ನೊಂದು ಮುಖವನ್ನೂ ನೋಡಬೇಕು. ಹಿರಿಯರ ಆ ಮಾತುಗಳೆಲ್ಲ ಕೇಡಿನವಲ್ಲ. ಕೆಲವು ಆ ಕಾಲದ ಮಳೆಗೆ ಹಿಡಿದ ಕೊಡೆ.

1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ದಕ್ಷಿಣ ಭಾರತೀಯರ ವಿರುದ್ಧ ಚಳವಳಿ ನಡೆಯಿತು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಆ ದಿನಗಳಲ್ಲಿ ‘ಹೊರಗೆ ನಮ್ಮ ಭಾಷೆ ಮಾತಾಡಬೇಡ, ಯಾರ ಕಣ್ಣಿಗೂ ಬೀಳಬೇಡ, ತಲೆ ತಗ್ಗಿಸಿ ಬಾ’ ಎಂದು ತಂದೆ ಮಗನಿಗೆ ಹೇಳಿದ್ದರೆ ಅದು ವಿವೇಕವೇ. ಮಗನ ಮೈಗೆ ಪೆಟ್ಟು ಬೀಳದಿರಲಿ ಎಂಬ ಕಾಳಜಿ. ಆದರೆ ಆ ಮಗನಿಗೆ ಈಗ ಅರವತ್ತು ದಾಟಿದೆ. ಸೊಸೈಟಿಯ ಮೀಟಿಂಗ್‌ನಲ್ಲಿ ತನ್ನ ಮನೆಯ ನೀರು ಸೋರುವ ವಿಷಯ ಎತ್ತಲು ಇಂದಿಗೂ ಅವರಿಗೆ ಗಂಟಲು ಕಟ್ಟುತ್ತದೆ. ಮಳೆ ನಿಂತಿದೆ, ಕೊಡೆ ಮಾತ್ರ ಮಡಚಿಲ್ಲ.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಅನ್ನುವ ಗಾದೆಯೂ ಹಾಗೆಯೇ. ಸಾಲ ಮಾಡಿ ಮೆರೆಯುವವರಿಗೆ ಅದು ಒಳ್ಳೆಯ ಮಾತು. ಆದರೆ ಹಾಸಿಗೆ ಉದ್ದವಾದ ಮೇಲೂ ಕಾಲು ಮಡಚಿಕೊಂಡೇ ಮಲಗುವವರನ್ನು ನಮ್ಮ ಮನೆಗಳಲ್ಲಿ ನೋಡುತ್ತೇವೆ. ಗಾದೆ ತಪ್ಪಲ್ಲ, ಹಾಸಿಗೆಯನ್ನು ಮತ್ತೆ ಅಳೆಯದೇ ಇರುವುದು ತಪ್ಪು.

ಹಾಗಾಗಿ ಈ ಲೇಖನ ಓದಿ ಯಾರೂ ಅಪ್ಪ ಅಮ್ಮನ ಮೇಲೆ ಸಿಟ್ಟಾಗಬೇಕಿಲ್ಲ. ಅವರು ತಮಗೆ ಸಿಕ್ಕಿದ್ದನ್ನೇ ನಮಗೆ ಕೊಟ್ಟರು. ಅದರಲ್ಲಿ ಯಾವುದನ್ನು ಮುಂದಿನವರಿಗೆ ದಾಟಿಸಬೇಕು, ಯಾವುದನ್ನು ಇಲ್ಲೇ ಇಳಿಸಬೇಕು ಎಂದು ನೋಡುವುದು ನಮ್ಮ ಕೆಲಸ.

*ಊರೇ ಹೇಳಿಕೊಟ್ಟ ನಂಬಿಕೆ*

ಕೆಲವು ನಂಬಿಕೆ ಮನೆಯೊಳಗೆ ಹುಟ್ಟಿದ್ದಲ್ಲ. ಊರು, ಜಾತಿ, ಬಡತನ ಕಲಿಸಿದ್ದು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಸಂಶೋಧಕರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರನೇ, ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು. ಯಾರ ಜಾತಿಯೂ ಹೇಳದೆ ಇದ್ದಾಗ ಮೇಲ್ಜಾತಿಯ ಹುಡುಗರೂ ಕೆಳಜಾತಿಯ ಹುಡುಗರೂ ಹೆಚ್ಚುಕಡಿಮೆ ಒಂದೇ ಸಮ ಬಿಡಿಸಿದರು. ಎಲ್ಲರ ಎದುರು ಹೆಸರು, ಜಾತಿ ಓದಿ ಹೇಳಿದ ಮೇಲೆ ಕೆಳಜಾತಿಯ ಹುಡುಗರ ಫಲಿತಾಂಶ ಇಳಿಯಿತು. ತಲೆ ಅದೇ, ಕೈ ಅದೇ, ಒಗಟೂ ಅದೇ ಬಗೆಯದು. ‘ನೀನು ಯಾರು’ ಎಂದು ನೆನಪಿಸಿದ್ದೇ ಸಾಕಾಯಿತು. 2004ರಲ್ಲಿ ವಿಶ್ವಬ್ಯಾಂಕ್ ಈ ಅಧ್ಯಯನವನ್ನು ಪ್ರಕಟಿಸಿತು.

ಇದಕ್ಕೆ ಎದುರಾದ ಉದಾಹರಣೆಯೂ ನಮ್ಮವರಲ್ಲೇ ಇದೆ. ‘ದೇವಸ್ಥಾನದ ಒಳಗೆ ನಮಗೆ ಜಾಗವಿಲ್ಲ’ ಎಂದು ತಲೆಮಾರುಗಳಿಂದ ಕೇಳಿ ಬೆಳೆದ ಜನ ನಾರಾಯಣ ಗುರುಗಳನ್ನು ಮಂಗಳೂರಿಗೆ ಕರೆಸಿ, 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಮಾಡಿಸಿದರು. ಬರೀ ಉಪದೇಶದಿಂದ ಆ ನಂಬಿಕೆ ಹೋಗಲಿಲ್ಲ. ಗುಡಿ ಎದ್ದು ನಿಂತಿತು, ಜನ ಒಳಗೆ ಕಾಲಿಟ್ಟರು, ಆಗ ಹೋಯಿತು.

ಮುಂಬಯಿಯ ಕನ್ನಡ ರಾತ್ರಿ ಶಾಲೆಗಳೂ ಅದೇ ಕೆಲಸ ಮಾಡಿದವು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಲೋಟ ತೊಳೆದ ಹುಡುಗರು ರಾತ್ರಿ ಮೊಗವೀರ, ಗುರುನಾರಾಯಣ ಮುಂತಾದ ಶಾಲೆಗಳ ಬೆಂಚಿನಲ್ಲಿ ಕೂತು ಕಲಿತರು. ‘ಇವನ ಹಣೆಯಲ್ಲಿ ಓದು ಬರೆದಿಲ್ಲ’ ಎಂದು ಊರಲ್ಲಿ ಹೇಳಿಸಿಕೊಂಡವರೇ ಮುಂದೆ ಬ್ಯಾಂಕು, ಕಚೇರಿ, ಕೋರ್ಟು ಸೇರಿದರು. ನಂಬಿಕೆ ಬದಲಾಗಲು ಎರಡು ಬೇಕಾದವು: ಪ್ರಯತ್ನ ಮಾಡುವ ಮನಸ್ಸು, ಪ್ರಯತ್ನಕ್ಕೆ ಒಂದು ಜಾಗ. ಎರಡನೆಯದನ್ನು ಕೊಟ್ಟವರು ನಮ್ಮ ಸಂಘ ಸಂಸ್ಥೆಗಳ ಹಿರಿಯರು.

ಕಾರ್ಕಳ ಕಡೆಯ ಜಯರಾಮ್ ಬನಾನ್ ಅವರ ಕತೆ ಅನೇಕರಿಗೆ ಗೊತ್ತು. ಪರೀಕ್ಷೆಯಲ್ಲಿ ಫೇಲಾಗಿ, ಅಪ್ಪನ ಹೊಡೆತಕ್ಕೆ ಹೆದರಿ ಹುಡುಗನಾಗಿದ್ದಾಗಲೇ ಮುಂಬಯಿ ಬಸ್ಸು ಹತ್ತಿದವರು. ಪನ್ವೇಲ್ ಕಡೆಯ ಕಾರ್ಖಾನೆ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದರು. 1986ರಲ್ಲಿ ದೆಹಲಿಯಲ್ಲಿ ‘ಸಾಗರ್’ ಹೋಟೆಲ್ ತೆರೆದರು. ಈ ಕತೆ ಕೇಳಿ ‘ಎಲ್ಲರೂ ಮನಸ್ಸು ಮಾಡಿದರೆ ಮಾಲೀಕರಾಗಬಹುದು’ ಎಂದುಕೊಳ್ಳಬಾರದು. ಪಾತ್ರೆ ತೊಳೆದ ಸಾವಿರಾರು ಜನ ಅಷ್ಟೇ ಶ್ರಮಪಟ್ಟು ಬಾಡಿಗೆ ಖೋಲಿಯಲ್ಲೇ ಉಳಿದರು. ಅದು ಅವರ ಮನಸ್ಸಿನ ದೋಷವಲ್ಲ. ಈ ಕತೆಯಿಂದ ತಿಳಿಯುವುದು ಇಷ್ಟೇ: ಮಗುವಿನ ಮಾರ್ಕ್ಸ್ ಕಾರ್ಡಿನ ಮೇಲೆ ಬಿದ್ದ ಕೆಂಪು ಗೆರೆ ಆ ವರ್ಷದ ಆ ವಿಷಯದ ಲೆಕ್ಕ, ಮನುಷ್ಯನ ಲೆಕ್ಕವಲ್ಲ.

*ದೇಹ ಕೊಡುವ ಬೆಲೆ*

ಇದು ಆರೋಗ್ಯ ಮಾಲಿಕೆ. ಆದ್ದರಿಂದ ಈ ಭಾಗ ಮುಖ್ಯ.

• *‘ಗಂಡಸು ನೋವು ಹೇಳಬಾರದು’:* ಎದೆ ಹಿಡಿದಂತಾದರೂ ‘ಗ್ಯಾಸ್ ಇರಬೇಕು’ ಎಂದು ಸೋಡಾ ಕುಡಿದು ಡ್ಯೂಟಿ ಮುಗಿಸುವವರು ನಮ್ಮಲ್ಲಿದ್ದಾರೆ. ಹೃದಯಾಘಾತದಲ್ಲಿ ಮೊದಲ ಒಂದು ಗಂಟೆ ಬಹಳ ಅಮೂಲ್ಯ. ಎದೆಯಲ್ಲಿ ಭಾರ, ಎಡಗೈಗೋ ದವಡೆಗೋ ಹಬ್ಬುವ ನೋವು, ತಣ್ಣನೆ ಬೆವರು, ಉಸಿರಾಟಕ್ಕೆ ಕಷ್ಟ, ಇವು ಕಂಡರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ಆ ಹೊತ್ತಿನಲ್ಲಿ ಗಂಡಸುತನ ತೋರಿಸಬೇಕಾಗಿಲ್ಲ, ಜೀವ ಉಳಿಸಿಕೊಳ್ಳಬೇಕು.

• *‘ಹೆಂಗಸು ಕೊನೆಗೆ ಉಣ್ಣಬೇಕು’:* ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದಿದ್ದು ತಿನ್ನುವುದೇ ಒಳ್ಳೆಯ ಹೆಣ್ಣಿನ ಗುಣ ಎಂದು ಕಲಿತ ತಾಯಂದಿರು ನಮ್ಮ ಮನೆಗಳಲ್ಲಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದಕ್ಕೆ ಬೇರೆ ಕಾರಣಗಳೂ ಇವೆ. ಆದರೆ ‘ನನ್ನ ಊಟ ಕೊನೆಗೆ, ನನ್ನ ಪರೀಕ್ಷೆ ಇನ್ನೂ ಕೊನೆಗೆ’ ಎಂಬ ನಂಬಿಕೆ ಆ ಹೆಂಗಸನ್ನು ಡಾಕ್ಟರ ಬಾಗಿಲಿಗೆ ಹೋಗದಂತೆ ತಡೆಯುತ್ತದೆ.

• *‘ನಮ್ಮಂಥವರಿಗೆ ಅವರೆಲ್ಲಿ ಉತ್ತರ ಹೇಳ್ತಾರೆ’:* ಡಾಕ್ಟರ್ ಚೀಟಿ ಬರೆದು ಕೊಟ್ಟಾಗ ‘ಇದನ್ನು ಎಷ್ಟು ದಿನ ತಗೋಬೇಕು? ಊಟಕ್ಕೆ ಮೊದಲಾ ಆಮೇಲಾ?’ ಎಂದು ಕೇಳದೇ ಎದ್ದು ಬರುತ್ತೇವೆ. ಔಷಧಿ ಅರ್ಧಕ್ಕೇ ನಿಲ್ಲುತ್ತದೆ.

• *ಸದಾ ಎಚ್ಚರದ ಮನಸ್ಸು:* ‘ಎಲ್ಲಿ ನನ್ನ ಬಣ್ಣ ಬಯಲಾಗುತ್ತದೋ’ ಎಂಬ ಅಳುಕಿನಲ್ಲೇ ವರ್ಷಗಟ್ಟಲೆ ಬದುಕಿದರೆ ದೇಹದಲ್ಲಿ ಒತ್ತಡದ ಹಾರ್ಮೋನುಗಳು ಇಳಿಯಬೇಕಾದಷ್ಟು ಇಳಿಯುವುದಿಲ್ಲ. ನಿದ್ದೆ ಕೆಡುತ್ತದೆ, ಬಿ.ಪಿ. ಏರುತ್ತದೆ, ತಲೆನೋವು, ಹೊಟ್ಟೆ ಉರಿ ಕಾಡುತ್ತವೆ. ಕೆಲವರು ಅದನ್ನು ಮರೆಯಲು ಕುಡಿತ, ಗುಟ್ಕಾ ಹಿಡಿಯುತ್ತಾರೆ.

*ಸುಳ್ಳಾದರೂ ಅದು ಯಾಕೆ ಉಳಿಯುತ್ತದೆ?*

ಒಬ್ಬರನ್ನು ಊಹಿಸಿಕೊಳ್ಳಿ. ಖೇರವಾಡಿ ಕಡೆಯ ಹೋಟೆಲಿನಲ್ಲಿ ಇಪ್ಪತ್ತು ವರ್ಷದಿಂದ ಕ್ಯಾಪ್ಟನ್. ಗಿರಾಕಿಗಳ ಮುಖ ನೋಡಿ ಆರ್ಡರ್ ಹೇಳಬಲ್ಲರು. ಕನ್ನಡ, ತುಳು, ಹಿಂದಿ, ಮರಾಠಿ ನಾಲ್ಕೂ ಸರಾಗ. ಮಾಲೀಕರು ‘ಮ್ಯಾನೇಜರ್ ಆಗು’ ಎಂದು ಎರಡು ಸಲ ಕೇಳಿದರು. ಎರಡೂ ಸಲ ‘ಬೇಡ ಅಣ್ಣಾ, ನನಗೆ ಹೀಗೇ ಆರಾಮ’ ಎಂದರು. ನಿಜವಾದ ಕಾರಣ ಬಿಲ್ಲಿಂಗ್ ಕಂಪ್ಯೂಟರ್. ನಾಲ್ಕನೇ ತರಗತಿಯಲ್ಲಿ ಬೋರ್ಡಿನ ಮೇಲೆ ಲೆಕ್ಕ ತಪ್ಪಿ, ಇಡೀ ಕ್ಲಾಸು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಅವರು ಕಂಪ್ಯೂಟರ್ ಮುಟ್ಟುವುದಿಲ್ಲ. ಮುಟ್ಟದ್ದರಿಂದ ಕಲಿಯುವುದಿಲ್ಲ. ಕಲಿಯದ್ದರಿಂದ ‘ನೋಡು, ನನಗೆ ಬರುವುದೇ ಇಲ್ಲ’ ಎಂಬುದಕ್ಕೆ ಮತ್ತೊಂದು ಸಾಕ್ಷಿ. ನಂಬಿಕೆ ತನ್ನ ಸಾಕ್ಷಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅವರು ದಿನಾ ಎಂಟು ಟೇಬಲ್ಲಿನ ಬಿಲ್ಲನ್ನು ಬಾಯಿಲೆಕ್ಕದಲ್ಲಿ ಕೂಡಿ ಹೇಳುತ್ತಾರೆ. ಆದರೆ ಅದು ಅವರ ಕಣ್ಣಿಗೆ ಲೆಕ್ಕ ಅನಿಸುವುದೇ ಇಲ್ಲ, ‘ಅದು ಅಭ್ಯಾಸ’ ಅನಿಸುತ್ತದೆ. ಅಂದರೆ ಎದುರಿನ ಸಾಕ್ಷಿ ಕಣ್ಮುಂದೆ ಇದ್ದರೂ ನಂಬಿಕೆ ಅದನ್ನು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ.

ಈ ಚಕ್ರ ಮುರಿಯುವುದು ಹೇಗೆ ಎಂಬುದಕ್ಕೆ ಒಂದು ಹಳೆಯ ಪ್ರಯೋಗ ದಾರಿ ತೋರಿಸುತ್ತದೆ. 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಏನು ಮಾಡಿದರೂ ವಿದ್ಯುತ್ ಶಾಕ್ ತಪ್ಪಿಸಿಕೊಳ್ಳಲಾಗದ ನಾಯಿಗಳಲ್ಲಿ ಹೆಚ್ಚಿನವು, ಆಮೇಲೆ ಸುಲಭವಾಗಿ ಹಾರಿ ಪಾರಾಗಬಹುದಾದ ಜಾಗದಲ್ಲೂ ಸುಮ್ಮನೆ ಮಲಗಿಬಿಟ್ಟವು. ಇಂದಿನ ಕಣ್ಣಿಗೆ ಅದು ಕ್ರೂರವೇ. ಅದರ ಮುಂದಿನ ಭಾಗ ಕಡಿಮೆ ಜನರಿಗೆ ಗೊತ್ತು. ಆ ನಾಯಿಗಳನ್ನು ಹಗ್ಗ ಹಿಡಿದು ಆಚೆ ಬದಿಗೆ ಎಳೆದು ದಾಟಿಸಿದಾಗ, ಅದೂ ಒಂದೆರಡು ಸಲವಲ್ಲ, ಹಲವು ಸಲ ದಾಟಿಸಿದಾಗ, ಅವು ತಾವೇ ದಾಟಲು ಕಲಿತವು. 2016ರಲ್ಲಿ ಅದೇ ಇಬ್ಬರು ತಮ್ಮ ಹಳೆಯ ವಿವರಣೆಯನ್ನೇ ತಿದ್ದಿದರು: ಕಷ್ಟದಲ್ಲಿ ಮುದುಡಿಕೊಳ್ಳುವುದು ಮಿದುಳಿನ ಸಹಜ ನಡೆ. ಕಲಿಯುವುದು ‘ಇದು ನನ್ನ ಕೈಯಲ್ಲಿದೆ’ ಎಂಬುದನ್ನು.

ಆದ್ದರಿಂದ ‘ಧೈರ್ಯ ತಂದುಕೋ’ ಎಂಬ ಬರೀ ಮಾತಿನಿಂದ ಹೆಚ್ಚು ಉಪಯೋಗವಿಲ್ಲ. ಕೈ ಹಿಡಿದು ಹಲವು ಸಲ ದಾಟಿಸಬೇಕು. ಆಲ್ಬರ್ಟ್ ಬಂಡೂರ 1977ರಿಂದ ಬರೆದಿದ್ದೂ ಇದನ್ನೇ: ಆತ್ಮವಿಶ್ವಾಸಕ್ಕೆ ಎಲ್ಲಕ್ಕಿಂತ ಗಟ್ಟಿ ಆಧಾರ ಸ್ವತಃ ಮಾಡಿ ಗೆದ್ದ ಅನುಭವ. ಹೊಗಳಿಕೆಯ ಬಲ ಅದಕ್ಕಿಂತ ಕಡಿಮೆ.

*ಮನೆಯಲ್ಲೇ ಮಾಡಬಹುದಾದ ಐದು ಹೆಜ್ಜೆ*

ಒಂದು ಸಣ್ಣ ನೋಟ್‌ಬುಕ್ ಸಾಕು. ಮೂರು ವಾರ ಇಟ್ಟುಕೊಳ್ಳಿ.

1. *ಮಾತನ್ನು ಹಿಡಿಯಿರಿ.* ಯಾವುದಾದರೂ ಕೆಲಸದಿಂದ ಹಿಂದೆ ಸರಿದಾಗ ಮನಸ್ಸಿನಲ್ಲಿ ಹಾದುಹೋದ ವಾಕ್ಯವನ್ನು ಹಾಗೇ ಬರೆಯಿರಿ. ‘ಯಾವಾಗಲೂ’, ‘ಎಂದಿಗೂ’, ‘ನಮ್ಮಂಥವರು’, ‘ಈ ವಯಸ್ಸಿನಲ್ಲಿ’, ಈ ಪದಗಳು ಬಂದರೆ ಅದು ಹಳೆಯ ನಂಬಿಕೆಯ ಗುರುತು.

2. *ದನಿ ಯಾರದು ನೋಡಿ.* ಆ ವಾಕ್ಯ ಮೊದಲು ಯಾರ ಬಾಯಿಂದ ಬಂತು? ಆಗ ನಿಮಗೆಷ್ಟು ವಯಸ್ಸು? ಹೇಳಿದವರ ಪರಿಸ್ಥಿತಿ ಏನಿತ್ತು? ‘ಇದು ಸತ್ಯ’ ಅನಿಸುತ್ತಿದ್ದದ್ದು ‘ಇದು ನಮ್ಮ ಮೇಷ್ಟ್ರು ಹೇಳಿದ ಮಾತು’ ಎಂದಾದ ಕೂಡಲೇ ಅದರ ಅರ್ಧ ಬಲ ಇಳಿಯುತ್ತದೆ.

3. *ಎರಡು ಪಟ್ಟಿ ಮಾಡಿ.* ಆ ಮಾತು ನಿಜ ಎನ್ನುವುದಕ್ಕೆ ಎಡಗಡೆ, ನಿಜವಲ್ಲ ಎನ್ನುವುದಕ್ಕೆ ಬಲಗಡೆ. ಬಲಗಡೆ ತುಂಬಿಸಲು ಕಷ್ಟವಾದರೆ ನಿಮ್ಮನ್ನು ಬಲ್ಲ ಒಬ್ಬರನ್ನು ಕೇಳಿ. ಭಾಷೆ ಗೊತ್ತಿಲ್ಲದ ಊರಿಗೆ ಬಂದು, ಮನೆ ಹಿಡಿದು, ಮಕ್ಕಳನ್ನು ಶಾಲೆಗೆ ಸೇರಿಸಿದ್ದು ಕೂಡ ಸಾಕ್ಷಿಯೇ. ಅದನ್ನು ಬರೆಯಲು ಮರೆಯಬೇಡಿ.

4. *ಸಣ್ಣ ಪರೀಕ್ಷೆ ಮಾಡಿ.* ಮೊದಲು ‘ಏನಾಗುತ್ತದೆ ಎಂದು ಹೆದರಿಕೆ’ ಬರೆಯಿರಿ. ಆಮೇಲೆ ಮಾಡಿ. ಕೊನೆಗೆ ‘ನಿಜವಾಗಿ ಏನಾಯಿತು’ ಬರೆಯಿರಿ. ಬ್ಯಾಂಕಿನ ಕೌಂಟರಿನಲ್ಲಿ ಒಂದು ಪ್ರಶ್ನೆ ಕೇಳುವುದು. ಬಿ.ಕೆ.ಸಿ.ಯ ಆಫೀಸಿನ ಮೀಟಿಂಗ್‌ನಲ್ಲಿ ಒಂದೇ ಒಂದು ವಾಕ್ಯ ಹೇಳುವುದು. ಗಿರಾಕಿ ಕಡಿಮೆ ಇರುವ ಮಧ್ಯಾಹ್ನ ಒಂದೇ ಒಂದು ಬಿಲ್ಲು ಟೈಪ್ ಮಾಡುವುದು. ತಪ್ಪಾದರೂ ನಷ್ಟವಾಗದ ಜಾಗದಲ್ಲೇ ಶುರು ಮಾಡಿ.

5. *ಹಲವು ಸಲ ಮಾಡಿ.* ಒಂದು ಸಲ ಗೆದ್ದರೆ ಮನಸ್ಸು ‘ಅದೃಷ್ಟ’ ಅನ್ನುತ್ತದೆ. ಹತ್ತು ಸಲ ಆದ ಮೇಲೆ ವಾಕ್ಯ ತಿದ್ದಿ ಬರೆಯಿರಿ. ‘ನಾನು ಮಹಾ ಬುದ್ಧಿವಂತ’ ಎಂದು ಬರೆದರೆ ಮನಸ್ಸು ಒಪ್ಪುವುದಿಲ್ಲ. ‘ತೋರಿಸಿಕೊಡುವವರಿದ್ದರೆ ನಾನು ಕಲಿಯುತ್ತೇನೆ’ ಎಂದರೆ ಒಪ್ಪುತ್ತದೆ, ಅದು ಸತ್ಯವೂ ಹೌದು.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದು ಯಾರಾದರೂ ಕೇಳಬಹುದು. ಮನುಷ್ಯನ ಮಿದುಳು ಮರದ ಹಾಗಲ್ಲ. ಹೊಸದನ್ನು ಕಲಿತಾಗ ನರಗಳ ನಡುವಿನ ಸಂಪರ್ಕ ಇಳಿವಯಸ್ಸಿನಲ್ಲೂ ಬದಲಾಗುತ್ತದೆ. ವೇಗ ಕಡಿಮೆ, ಅಷ್ಟೇ. ಐವತ್ತರಲ್ಲಿ ಮರಾಠಿ ಕಲಿತ, ಅರವತ್ತರಲ್ಲಿ ಮೊಬೈಲ್‌ನಲ್ಲಿ ಹಣ ಕಳಿಸಲು ಕಲಿತ ಹಿರಿಯರು ನಿಮ್ಮ ಬಿಲ್ಡಿಂಗಿನಲ್ಲೇ ಇದ್ದಾರೆ.

*ನಮ್ಮ ಮಕ್ಕಳಿಗೆ ಏನು ಹೇಳುತ್ತಿದ್ದೇವೆ?*

ಇಲ್ಲಿ ಹುಟ್ಟಿದ ಮಕ್ಕಳ ತಲೆಯ ಮೇಲೆ ಬೇರೆ ಬಗೆಯ ಮಾತುಗಳು ಬೀಳುತ್ತಿವೆ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು. ರಜೆಗೆ ಊರಿಗೆ ಹೋದಾಗ ದೊಡ್ಡಮ್ಮ ‘ಇವಳಿಗೆ ಕನ್ನಡ ಎಲ್ಲಿ ಬರುತ್ತೆ’ ಎಂದು ನಗುತ್ತಾರೆ. ಇಲ್ಲಿ ಶಾಲೆಯಲ್ಲಿ ಅವಳ ಉಚ್ಚಾರಕ್ಕೆ ಮಕ್ಕಳು ನಗುತ್ತಾರೆ. ‘ನಾನು ಎಲ್ಲಿಯವಳೂ ಅಲ್ಲ’ ಎಂಬ ನಂಬಿಕೆ ಹೀಗೆ ಬೇರೂರುತ್ತದೆ. ಅವಳು ತಪ್ಪು ತಪ್ಪಾಗಿ ಕನ್ನಡ ಮಾತಾಡಿದರೂ ಪೂರ್ತಿ ಕೇಳಿಸಿಕೊಳ್ಳಿ, ಉತ್ತರ ಕನ್ನಡದಲ್ಲೇ ಕೊಡಿ. ತಿದ್ದುಪಡಿ ಆಮೇಲಿರಲಿ.

ಮಾತಿನಲ್ಲಿ ಮಾಡಬಹುದಾದ ಸಣ್ಣ ಬದಲಾವಣೆಗಳು:

• ‘ನೀನು ಸೋಮಾರಿ’ ಬದಲು ‘ಇವತ್ತು ಹೋಂವರ್ಕ್ ಉಳಿದಿದೆ, ಯಾವಾಗ ಮಾಡ್ತೀಯ?’
• ‘ಲೆಕ್ಕ ನಿನಗೆ ಬರಲ್ಲ’ ಬದಲು ‘ಭಾಗಾಕಾರ ಇನ್ನೂ ಕೂತಿಲ್ಲ, ಇನ್ನೊಂದು ಸಲ ನೋಡೋಣ.’
• ‘ಪಕ್ಕದ ಮನೆಯವನ್ನ ನೋಡು’ ಬದಲು ‘ಹೋದ ತಿಂಗಳಿಗಿಂತ ಅಕ್ಷರ ಚೆನ್ನಾಗಿದೆ.’
• ‘ಅಳಬೇಡ’ ಬದಲು ‘ಏನಾಯ್ತು ಹೇಳು ಮಗಾ, ನಾನಿದ್ದೀನಿ.’

ಎಷ್ಟು ಎಚ್ಚರವಿದ್ದರೂ ಸಿಟ್ಟಿನಲ್ಲಿ ಬಾಯಿ ಜಾರುವುದುಂಟು. ಜಾರಿದ ಮೇಲೆ ‘ಸುಸ್ತಾಗಿತ್ತು, ಹಾಗಂದೆ. ಅದು ನಿನ್ನ ತಪ್ಪಲ್ಲ’ ಎಂದು ಅದೇ ರಾತ್ರಿ ಹೇಳಿ. ಐದಾರು ವರ್ಷದ ಮಗು ತಾನಾಗಿ ಯೋಚಿಸಲಾರದ್ದನ್ನು ನೀವು ಬಾಯಿಬಿಟ್ಟು ಹೇಳಿದ ಹಾಗಾಗುತ್ತದೆ. ತಂದೆ ತಾಯಿ ಹಾಗೆ ಹೇಳಿದರೆ ಮಕ್ಕಳ ಕಣ್ಣಲ್ಲಿ ಸಣ್ಣವರಾಗುವುದಿಲ್ಲ.

*ನಂಬಿಕೆಯ ಮೇಲೆ ಎಲ್ಲ ಹೊರಿಸಬೇಡಿ*

ಒಂದು ಎಚ್ಚರಿಕೆ. ಸಂಬಳ ಕೊಡದ ಮೇಸ್ತ್ರಿ, ಹೊಡೆಯುವ ಗಂಡ, ಜಾತಿ ಕೇಳಿ ಬಾಡಿಗೆಗೆ ಮನೆ ಇಲ್ಲ ಎನ್ನುವ ಮಾಲೀಕ, ಇವು ಮನಸ್ಸಿನೊಳಗಿನ ಬೇಲಿಗಳಲ್ಲ, ಹೊರಗಿನ ಗೋಡೆಗಳು. ಅಂಥವರಿಗೆ ‘ನಿನ್ನ ಯೋಚನೆ ಬದಲಿಸಿಕೋ’ ಎಂದು ಹೇಳುವುದು ಅನ್ಯಾಯ. ಅವರಿಗೆ ಬೇಕಾದ್ದು ಕಾನೂನಿನ ನೆರವು, ಜೊತೆಗೆ ನಿಲ್ಲುವ ಜನ. ಒಳಗಿನ ಬೇಲಿ ಯಾವುದು, ಹೊರಗಿನ ಗೋಡೆ ಯಾವುದು ಎಂದು ಬೇರೆ ಮಾಡಿ ನೋಡಲು ಬಂದರೆ ಅದೇ ಅರ್ಧ ಪರಿಹಾರ.

*ಯಾವಾಗ ಸಹಾಯ ಕೇಳಬೇಕು?*

ಬಾಲ್ಯದಲ್ಲಿ ಹೊಡೆತ, ಲೈಂಗಿಕ ಹಿಂಸೆ, ಮನೆಯಲ್ಲಿ ಆತ್ಮಹತ್ಯೆ, ಇಂಥ ದೊಡ್ಡ ಗಾಯವಾಗಿದ್ದರೆ ನೋಟ್‌ಬುಕ್ ಹಿಡಿದು ಒಬ್ಬರೇ ಅಗೆಯಬೇಡಿ. ಹಾಗೆಯೇ ಎರಡು ವಾರಕ್ಕಿಂತ ಹೆಚ್ಚು ಕಾಲ ಮನಸ್ಸು ಕುಗ್ಗಿದ್ದರೆ, ನಿದ್ದೆ, ಹಸಿವು ಕೆಟ್ಟಿದ್ದರೆ, ಕೆಲಸಕ್ಕೆ ಹೋಗಲು ಆಗದಿದ್ದರೆ ತಜ್ಞರ ಹತ್ತಿರ ಹೋಗಬೇಕು. ಬದುಕು ಬೇಡ ಅನಿಸಿದರೆ ಒಂದು ದಿನವೂ ಕಾಯಬೇಡಿ. ಮಧುಮೇಹಕ್ಕೆ ಡಾಕ್ಟರ ಹತ್ತಿರ ಹೋಗುವುದು ನಾಚಿಕೆಯಲ್ಲವಾದರೆ ಇದೂ ಅಲ್ಲ.

• *ಟೆಲಿ ಮಾನಸ್: 14416.* ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಉಚಿತ ಸೇವೆ. ಹಗಲು ರಾತ್ರಿ ಸಿಗುತ್ತದೆ. ಕನ್ನಡದಲ್ಲೂ ಮಾತಾಡಬಹುದು. ಮನಸ್ಸಿನ ನೋವನ್ನು ತಾಯ್ನುಡಿಯಲ್ಲಿ ಹೇಳಿಕೊಂಡಷ್ಟು ಸಲೀಸಾಗಿ ಬೇರೆ ಭಾಷೆಯಲ್ಲಿ ಹೇಳಲಾಗುವುದಿಲ್ಲ.
• *ದೊಡ್ಡ ಆಸ್ಪತ್ರೆ:* ಬಾಂದ್ರಾದವರಿಗೆ ಹತ್ತಿರದ ಸಾಯನ್ ಆಸ್ಪತ್ರೆ, ಪರೇಲಿನ ಕೆ.ಇ.ಎಂ., ಮುಂಬಯಿ ಸೆಂಟ್ರಲ್‌ನ ನಾಯರ್, ಈ ಮೂರೂ ಮುನಿಸಿಪಲ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದೆ. ಖಾಸಗಿಗಿಂತ ಖರ್ಚು ಬಹಳ ಕಡಿಮೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ.

ಈ ವಾರ ಒಂದೇ ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಒಬ್ಬರು ಯಾವುದಾದರೂ ವಿಷಯಕ್ಕೆ ‘ನನ್ನಿಂದ ಆಗಲ್ಲ’ ಎಂದಾಗ ‘ಯಾಕಾಗಲ್ಲ, ಮಾಡು’ ಎಂದು ಗದರಬೇಡಿ. ‘ಹಾಗಂತ ನಿಮಗೆ ಮೊದಲು ಹೇಳಿದ್ದು ಯಾರು?’ ಎಂದು ಮೆತ್ತಗೆ ಕೇಳಿ. ಉತ್ತರ ಬರಲು ಸ್ವಲ್ಪ ಹೊತ್ತಾಗಬಹುದು. ಕಾಯಿರಿ. ಆಮೇಲೆ ಆ ಕೆಲಸದ ಮೊದಲ ಚೂರನ್ನು ಅವರ ಪಕ್ಕ ಕೂತು ಜೊತೆಗೆ ಮಾಡಿ.

ಉಪಯೋಗವಾಗಬಹುದು ಅನಿಸಿದವರಿಗೆ ಈ ಲೇಖನ ಕಳಿಸಿ. ಓದಲು ಬಾರದ ಹಿರಿಯರಿದ್ದರೆ ಊಟದ ನಂತರ ಜೋರಾಗಿ ಓದಿ ಹೇಳಿ.

ಎಲ್ಲರಿಗೂ ಆರೋಗ್ಯ, ನೆಮ್ಮದಿ ಇರಲಿ.